ಬೆಳಿಗ್ಗೆ ಏಳದ ಕಂಪ್ಯೂಟರ್

ಶನಿವಾರ ರಾತ್ರಿ ಊಟಕ್ಕೆ ಕೂತಿದ್ದೆ. ಬ್ಯಾಡಗಿಯಿಂದ ಸೋದರಮಾವನ ಫೋನು.

"ಅಳಿಯಾ, ಅಂಗಡ್ಯಾಗಿನ ಕಂಪ್ಯೂಟರ್ ಸತ್ತೈತಿ ನೋಡೋ. ಬಟನ್ ಒತ್ತಿ ಒತ್ತಿ ಬೆರಳ ನೋಯಾಕತ್ತಾವು. ಸೋಮವಾರ ಟೆಂಡರ್ ಐತಿ."

ಮಾವನದು ಮೆಣಸಿನಕಾಯಿ ದಲಾಲಿ ಅಂಗಡಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ವ್ಯಾಪಾರ. ಜನವರಿ ಅಂದರೆ ಕಾಯಿ ಸುಗ್ಗಿ, ಚೀಲದ ಮೇಲೆ ಚೀಲ. ರೈತರಿಗೆ ಕೊಡುವ ಪಟ್ಟಿ, ತೂಕ, ಹಮಾಲಿ ಎಲ್ಲಾ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಿನಲ್ಲಿ. ಕಂಪ್ಯೂಟರ್ ನಿಂತರೆ ಗುಮಾಸ್ತರು ಕೈಯಲ್ಲಿ ಬರೆಯಬೇಕು. ಅವರಿಗೇನೂ ತೊಂದರೆ ಇಲ್ಲ, ಅರ್ಧ ಆಯುಷ್ಯ ವಹಿ ಬರೆದೇ ಕಳೆದವರು. ತೊಂದರೆ ಮಾವನಿಗೆ.

ಫೋನಿನಲ್ಲೇ ಕೇಳಿದೆ. ಲೈಟ್ ಏನಾದರೂ ಹತ್ತುತ್ತಾ? ಫ್ಯಾನ್ ಸದ್ದು? ಸುಟ್ಟ ವಾಸನೆ?

"ಲೈಟ್ ಇಲ್ಲ, ಸಪ್ಪಳ ಇಲ್ಲ. ವಾಸನಿ ಅಂದ್ರ ಇಲ್ಲೆ ಬರೇ ಮೆಣಸಿನಕಾಯಿ ವಾಸನಿನ."

"ಮೊದಲ ಏನರ ತ್ರಾಸ ಕೊಡತಿತ್ತೇನ್ರಿ ಮಾಮಾ?"

"ಮುಂಜಾನೆ ಮೊಂಡತನ ಮಾಡತಿತ್ತು. ನಾಕೈದ ಸಲ ಒತ್ತಬೇಕು. ಮಧ್ಯಾಹ್ನ ಒಂದ ಸಲಕ್ಕ ಚಾಲೂ ಆಕ್ಕಿತ್ತು. ನಿನ್ನೆ ಕರೆಂಟ್ ಹೋಗಿ ಬಂತು, ಅಷ್ಟ. ಮುಗೀತು."

ರಿಪೇರಿಗೆ ಬೇಕಾದ ಉತ್ತರವೆಲ್ಲ ಆ ಮಾತಿನಲ್ಲೇ ಇತ್ತು. ನಾನು ಹೂಂ ಹೂಂ ಅಂದೆ, ರೊಟ್ಟಿ ಮುರಿದೆ, ಮರೆತುಬಿಟ್ಟೆ.

ಭಾನುವಾರ ಬೆಳಿಗ್ಗೆ ಹಾವೇರಿಯಲ್ಲಿ ಬಸ್ಸು ಹತ್ತಿದೆ. ಚೀಲದಲ್ಲಿ ಮಲ್ಟಿಮೀಟರ್, ಎರಡು ಸ್ಕ್ರೂಡ್ರೈವರ್, ಬ್ರಷ್, ಒಂದು ಹೊಸ ಸಿಆರ್2032 ಬ್ಯಾಟರಿ, ಕೈಯಲ್ಲಿ ಹಿಡಿಯುವ ಬ್ಲೋವರ್. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಸ್ವಲ್ಪ ಹೊತ್ತಿಗೇ ಮೂಗು ಚುರುಗುಟ್ಟಲು ಶುರು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಹೆಸರು. 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತು ಕೂಡ ಸಿಕ್ಕಿದೆ. ಮೂಗಿಗೆ ಅದೆಲ್ಲ ಗೊತ್ತಾಗಲ್ಲ. ಒಂದು ಸೀನಿನ ಹೊತ್ತಿಗೆ ನನ್ನ ತಲೆಯಲ್ಲಿ ತೀರ್ಪು ಆಗಿಹೋಗಿತ್ತು: ಖಾರದ ಧೂಳು ಕೂತು ಎಲ್ಲೋ ಕೆಟ್ಟಿದೆ.

ಅಂಗಡಿಯಲ್ಲಿ ಮೊದಲು ಹೊರಗಿನದನ್ನೇ ನೋಡಿದೆ. ಗೋಡೆಯ ಪ್ಲಗ್ಗಿಗೆ ಗುಮಾಸ್ತರು ಆಗಲೇ ಟೆಸ್ಟರ್ ಹಚ್ಚಿ "ಕರೆಂಟ್ ಐತ್ರಿ" ಅಂದಿದ್ದರು. ಟೆಸ್ಟರ್ ಮಿಣುಕಿದರೆ ಫೇಸ್ ಇದೆ ಅಂತ ಮಾತ್ರ ಗೊತ್ತಾಗುತ್ತದೆ. ನ್ಯೂಟ್ರಲ್ ಕಡಿದಿದ್ದರೂ ಅದು ಮಿಣುಕುತ್ತದೆ. ಅದಕ್ಕೇ ಅದೇ ಪ್ಲಗ್ಗಿಗೆ ಟೇಬಲ್ ಫ್ಯಾನ್ ಸಿಕ್ಕಿಸಿದೆ, ತಿರುಗಿತು. ಮೀಟರ್ 228 ವೋಲ್ಟ್ ತೋರಿಸಿತು. ಮಧ್ಯದಲ್ಲಿ ಒಂದು ಯುಪಿಎಸ್ ಇದೆ. ಅದರ ಬ್ಯಾಟರಿ ಹೋಗಿ ವರ್ಷವಾಗಿದೆ, ಈಗ ಅದು ಬರೀ ಭಾರದ ಎಕ್ಸ್‌ಟೆನ್ಶನ್ ಬಾಕ್ಸು. ಅದನ್ನು ಬಿಟ್ಟು ಸಿಪಿಯು ವೈರನ್ನು ನೇರ ಗೋಡೆಗೆ ಹಾಕಿದೆ. ಆಗಲಿಲ್ಲ. ಮಾನಿಟರ್ ವೈರು, ಸಿಪಿಯು ವೈರು ಎರಡೂ ಒಂದೇ ಜಾತಿ. ಅದಲು ಬದಲು ಮಾಡಿದೆ. ಮಾನಿಟರ್ ಹತ್ತಿತು, ಸಿಪಿಯು ಇಲ್ಲ. ಹಿಂದುಗಡೆಯ ಸಣ್ಣ ಸ್ವಿಚ್ ಸರಿಯಾಗಿಯೇ ಇತ್ತು. ಎಷ್ಟೋ ಸಲ ಗುಡಿಸುವಾಗ ಪೊರಕೆ ತಾಗಿ ಅದೇ ಆಫ್ ಆಗಿರುತ್ತದೆ, ಅಲ್ವಾ?

ಸಿಪಿಯು ಡಬ್ಬದ ಬಾಗಿಲು ಬಿಚ್ಚಿದೆ. ಗುಮಾಸ್ತರು ಎರಡು ಹೆಜ್ಜೆ ಹಿಂದೆ ಸರಿದರು. ಅವರು ತಿಳಿದವರು.

ಒಳಗೆ ಬೂದು ಬಣ್ಣದ ಧೂಳಿರಲಿಲ್ಲ. ಇಟ್ಟಿಗೆ ಬಣ್ಣದ್ದು. ಪ್ರೊಸೆಸರ್ ಮೇಲೆ ಕೂತು ಬಿಸಿ ಹೀರುವ ಹೀಟ್‌ಸಿಂಕ್ ಸಂದಿಗಳಲ್ಲಿ ಕಂಬಳಿಯ ತುಂಡಿನ ಹಾಗೆ ಹೆಪ್ಪುಗಟ್ಟಿತ್ತು. ಬೆರಳಿನಿಂದ ಎತ್ತಿದರೆ ಒಂದೇ ಹಾಳೆಯಾಗಿ ಎದ್ದು ಬಂತು, ನಡುವೆ ಎರಡು ಮೆಣಸಿನ ಬೀಜ. ಕಾಯಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಈ ಧೂಳು ಸುಮ್ನೆ ಉದುರಲ್ಲ, ಅಂಟಿಕೊಳ್ಳುತ್ತದೆ. ಸಿಪಿಯು ಇಟ್ಟಿದ್ದು ನೆಲದ ಮೇಲೆ, ಚೀಲ ಎಳೆದಾಡುವ ದಾರಿಯಲ್ಲಿ.

ಡಬ್ಬವನ್ನು ಕಟ್ಟೆಗೆ ಒಯ್ದು, ಗಾಳಿಗೆ ಬೆನ್ನು ಮಾಡಿ ಬ್ಲೋವರ್ ಹಿಡಿದೆ. ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಲ್ಲಿ ಒತ್ತಿ ಹಿಡಿದೇ ಊದಬೇಕು. ಬಿಟ್ಟರೆ ಗಿರ್ರನೆ ತಿರುಗಿ ಬೇರಿಂಗ್ ಹಾಳು. ಕೆಂಪು ಮೋಡ ಎದ್ದಿತು. ಆ ಕಡೆ ಬೀಡಿ ಸೇದುತ್ತಿದ್ದ ಹಮಾಲರು ನಕ್ಕರು. ನಾನು ಹನ್ನೊಂದು ಸಲ ಸೀನಿದೆ ಅಂತ ಅವರೇ ಲೆಕ್ಕ ಹೇಳಿದರು. ಆಮೇಲೆ ಅದೇ ಕೈಯಿಂದ ಕಣ್ಣು ಒರೆಸಿಕೊಂಡೆ. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಧೂಳು ಹೋಯಿತು. ಬಟನ್ ಒತ್ತಿದೆ. ಏನೂ ಇಲ್ಲ.

ನಿಜ ಹೇಳಬೇಕೆಂದರೆ ಆಶ್ಚರ್ಯವಾಯಿತು. ಅಷ್ಟು ಧೂಳು ತೆಗೆದ ಮೇಲೆ ಅದು ಚಾಲೂ ಆಗುವುದು ನನ್ನ ಹಕ್ಕು ಅನ್ನಿಸಿತ್ತು.

ಅತ್ತೆ ಊಟಕ್ಕೆ ಕರೆದರು. ಸಿಪಿಯು ಹೊತ್ತುಕೊಂಡು ಮನೆಗೇ ಹೋದೆವು. ನನ್ನ ಕಣ್ಣು ನೋಡಿ ಅತ್ತೆ, "ಬರೇ ನೀರಾಗ ತೊಳಕೊಂಡ್ಯೇನು? ಹುಚ್ಚ ಅದಿ" ಅಂತ ಬೈದು ಅಂಗೈಗೆ ಕೊಬ್ಬರಿ ಎಣ್ಣೆ ಹಾಕಿದರು. ಮೊದಲು ಎಣ್ಣೆಯಲ್ಲಿ ಕೈ ಉಜ್ಜು, ಆಮೇಲೆ ಸೋಪು ಹಚ್ಚು. ಅದು ಸರಿ. ಖಾರ ನೀರಿಗೆ ಕರಗಲ್ಲ, ಎಣ್ಣೆಗೆ ಕರಗುತ್ತದೆ. ಅರ್ಧ ಗಂಟೆಯಲ್ಲಿ ಮನುಷ್ಯನಾದೆ. ರೊಟ್ಟಿ ಜೊತೆ ರಂಜಕ ಬಡಿಸಿದರು, ಅದನ್ನೂ ಬಿಡಲಿಲ್ಲ.

ಊಟವಾದ ಮೇಲೆ ಊಹೆ ಬಿಟ್ಟು ಅಳತೆಗೆ ಕೂತೆ.

ಮುಂದಿನ ಬಟನ್ ಕೆಟ್ಟಿರಬಹುದು. ಅದರ ಎರಡು ವೈರು ಮದರ್‌ಬೋರ್ಡಿನ, ಅಂದರೆ ಎಲ್ಲ ಭಾಗ ಕೂರುವ ಮುಖ್ಯ ಹಲಗೆಯ, ಮೂಲೆಯಲ್ಲಿ ಸಣ್ಣ ಪಿನ್‌ಗಳಿಗೆ ಹೋಗುತ್ತವೆ. ಅದನ್ನು ಕಿತ್ತು, ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದೆ. ಬಟನ್ ಮಾಡುವ ಕೆಲಸವೂ ಇಷ್ಟೇ. ಅಲುಗಾಡಲಿಲ್ಲ. ಅಂದರೆ ಬಟನ್ ತಪ್ಪಿಲ್ಲ. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ 2.5 ವೋಲ್ಟ್ ಇತ್ತು, ಇರಬೇಕಾದ್ದು 3. ತೆಗೆದು ಹೊಸದು ಹಾಕಿದೆ. ಇದರಿಂದ ಗಡಿಯಾರ ಕೆಡಬಹುದು, ಕಂಪ್ಯೂಟರ್ ಹೀಗೆ ಪೂರ್ತಿ ಸಾಯುವುದು ಅಪರೂಪ. ಸಾಯ್ತಾ ಇತ್ತು, ಬದಲಿಸಿದೆ, ಅಷ್ಟೇ.

ಇನ್ನು ಉಳಿದಿದ್ದು ಎಸ್‌ಎಂಪಿಎಸ್, ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟಿಗೆ ಇಳಿಸಿ ಕೊಡುವ ಡಬ್ಬಿ. ಅದರಿಂದ ಮದರ್‌ಬೋರ್ಡಿಗೆ 24 ಪಿನ್ನಿನ ಅಗಲ ಕನೆಕ್ಟರ್ ಹೋಗುತ್ತದೆ. ಅದರಲ್ಲಿ ನೇರಳೆ ವೈರು ಒಂದಿದೆ. ಕಂಪ್ಯೂಟರ್ ಬಂದ್ ಇದ್ದಾಗಲೂ, ಗೋಡೆಯಲ್ಲಿ ಕರೆಂಟ್ ಇರುವ ತನಕ, ಅದರಲ್ಲಿ 5 ವೋಲ್ಟ್ ಇರಲೇಬೇಕು. ಅದಕ್ಕೆ ಸ್ಟ್ಯಾಂಡ್‌ಬೈ ಅಂತಾರೆ. ಬಟನ್ ಒತ್ತಿದ್ದು ಮದರ್‌ಬೋರ್ಡಿಗೆ ತಿಳಿಯುವುದೇ ಇದರ ಬಲದಿಂದ. ಮನೆಯವರೆಲ್ಲ ಮಲಗಿದ ಮೇಲೂ ಎಚ್ಚರ ಇರುವ ವಾಚ್‌ಮನ್ ಇದ್ದ ಹಾಗೆ. ವಾಚ್‌ಮನ್ ಮಲಗಿದರೆ ಬಾಗಿಲು ಎಷ್ಟು ಬಡಿದರೂ ತೆಗೆಯುವವರಿಲ್ಲ.

ಮೀಟರಿನ ಕಪ್ಪು ಕಡ್ಡಿಯನ್ನು ಕಪ್ಪು ವೈರಿಗೆ, ಕೆಂಪು ಕಡ್ಡಿಯನ್ನು ನೇರಳೆಗೆ ಇಟ್ಟೆ. 3.2. ನಂತರ 2.9. ಮತ್ತೆ 3.3. ನಿಲ್ಲುತ್ತಲೇ ಇಲ್ಲ. 4.75ಕ್ಕಿಂತ ಕೆಳಗೆ ಇಳಿಯಲೇಬಾರದು.

ಇಲ್ಲೊಂದು ಅನುಮಾನ ಉಳಿಯುತ್ತದೆ. ಮದರ್‌ಬೋರ್ಡಿನಲ್ಲೇ ಎಲ್ಲೋ ಶಾರ್ಟ್ ಆಗಿ ಅದೇ ಎಳೆಯುತ್ತಿದ್ದರೆ? ಹಾಗಾಗಿ 24 ಪಿನ್ ಕಿತ್ತು, ಎಸ್‌ಎಂಪಿಎಸ್ ಒಂದೇ ಇಟ್ಟು ಮತ್ತೆ ಅಳೆದೆ. ಆಗಲೂ 3.4ರ ಆಚೆ ಈಚೆ. ಅಂದರೆ ಮದರ್‌ಬೋರ್ಡ್ ಬಚಾವ್.

ಎಲ್ಲರೂ ಮಾಡುವ ಪೇಪರ್ ಕ್ಲಿಪ್ ಪರೀಕ್ಷೆಯನ್ನೂ ಮಾಡಿದೆ. ಹಸಿರು ವೈರು ಮತ್ತು ಪಕ್ಕದ ಕಪ್ಪು ವೈರನ್ನು ಕ್ಲಿಪ್ಪಿನಿಂದ ಸೇರಿಸಿದರೆ ಎಸ್‌ಎಂಪಿಎಸ್ ಒಂಟಿಯಾಗಿ ಚಾಲೂ ಆಗಬೇಕು. ಬರೀ ಖಾಲಿ ಓಡಿಸಬಾರದು, ಏನಾದರೂ ಭಾರ ಬೇಕು. ಹಳೇ ಡಿವಿಡಿ ಡ್ರೈವ್ ಸಿಕ್ಕಿಸಿದೆ. ಫ್ಯಾನು ಒಂದು ಸಲ ಕತ್ತು ಅಲ್ಲಾಡಿಸಿತು. ನಿಂತಿತು.

ಮಾವ ಕುರ್ಚಿಯ ಅಂಚಿಗೆ ಬಂದಿದ್ದರು. "ಹಳೇ ಲೆಕ್ಕ ಎಲ್ಲಾ ಹೋತೇನೋ?"

"ಇಲ್ರಿ ಮಾಮಾ. ಲೆಕ್ಕ ಇರೋದು ಹಾರ್ಡ್ ಡಿಸ್ಕಿನ್ಯಾಗ. ಇದು ಬರೇ ಕರೆಂಟಿನ ಡಬ್ಬಿ."

"ಹಂಗಂದ್ರ ಮುಂಜಾನಿ ಮೊಂಡತನ ಇದರದ ಅನ್ನು."

ಆಗ ತಲೆಗೆ ಹೊಳೆಯಿತು. ಮುಂಜಾನೆ ಆಗಲ್ಲ, ಮಧ್ಯಾಹ್ನ ಆಗುತ್ತದೆ. ಜನವರಿಯ ಚಳಿ, ಆಮೇಲೆ ತಗಡಿನ ಕೆಳಗಿನ ಸೆಕೆ. ಎಸ್‌ಎಂಪಿಎಸ್‌ನಲ್ಲಿ ಕರೆಂಟನ್ನು ತುಂಬಿಟ್ಟುಕೊಂಡು ಏರಿಳಿತ ತಗ್ಗಿಸುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಒಳಗೆ ಒದ್ದೆ ಇರುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಅದು ಒಣಗುತ್ತಾ ಹೋದಂತೆ ಒಳಗಿನ ತಡೆ ಹೆಚ್ಚುತ್ತದೆ. ತಣ್ಣಗಿದ್ದಾಗ ಇನ್ನೂ ಕೆಟ್ಟದು, ಬೆಚ್ಚಗಾದರೆ ಸ್ವಲ್ಪ ಸುಧಾರಿಸುತ್ತದೆ. ಇಡೀ ರಾತ್ರಿ ಗೋಡೆಯಲ್ಲಿ ಕರೆಂಟ್ ಇದ್ದರೆ ಸ್ಟ್ಯಾಂಡ್‌ಬೈ ಹೇಗೋ ಕುಂಟುತ್ತಾ ನಡೆದಿರುತ್ತದೆ. ಒಮ್ಮೆ ಪೂರ್ತಿ ನಿಂತು ತಣ್ಣಗಾದರೆ ಏಳಲ್ಲ. ಶುಕ್ರವಾರ ಕರೆಂಟ್ ಹೋಗಿ ಬಂದಾಗ ಆದದ್ದು ಇದೇ.

ಮಾವನ ಮಗಳ ಹೇರ್ ಡ್ರೈಯರ್ ಬೇಡಿದೆ. ಯಾಕೆ ಅಂತ ಹೇಳದೆ ಬೇಡಿದ್ದಕ್ಕೆ ಅವಳು ಬಾಗಿಲಲ್ಲೇ ಕಾವಲು ನಿಂತಳು. ಎಸ್‌ಎಂಪಿಎಸ್ ಮುಚ್ಚಳ ತೆಗೆಯದೆ, ಹಿಂದಿನ ಜಾಲರಿಯ ಮೂಲಕ ಬಿಸಿ ಗಾಳಿ ಬಿಟ್ಟೆ. ನೇರಳೆ ವೈರಿನ ಮೇಲೆ ಕಣ್ಣು. 3.3. 3.6. ಒಂದು ನಿಮಿಷಕ್ಕೆ 4.1. ಎರಡೂವರೆ ನಿಮಿಷಕ್ಕೆ 4.7. ಕ್ಲಿಪ್ ಹಾಕಿದೆ. ಫ್ಯಾನು ತಿರುಗಿತು, ನಿಲ್ಲಲಿಲ್ಲ.

ಮಾವ ಚಪ್ಪಾಳೆ ಹೊಡೆದರು. "ದಿನಾ ಹಿಂಗ ಕಾಸಿದ್ರ ಆತಲ್ಲ!"

ಹೊಸ ಎಸ್‌ಎಂಪಿಎಸ್ ಹಾಕಿದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಭಾನುವಾರ ಸಂಜೆ ಅದು ಸಿಗುವ ಹಾಗಿರಲಿಲ್ಲ. ಹಾವೇರಿಯಲ್ಲಿರುವ ತಮ್ಮನಿಗೆ ಫೋನ್ ಮಾಡಿ, ನನ್ನ ಸೋಲ್ಡರಿಂಗ್ ಕಡ್ಡಿ ಮತ್ತು ಕೆಪಾಸಿಟರ್ ಇಟ್ಟ ಡಬ್ಬಿ ತಗೊಂಡು ಬಾ ಅಂದೆ.

"ಬ್ಯಾಡಗಿಗೆ ಡಬ್ಬಿ ಒಯ್ಯೋದೇನೋ?" ಅಂದ. ಡಬ್ಬಿ, ಕಡ್ಡಿ ಎರಡೂ ಅಲ್ಲಿಯ ಮೆಣಸಿನಕಾಯಿಯ ಹೆಸರು. ಆ ಜೋಕನ್ನು ಅವನು ಬಂದ ಮೇಲೂ ಎರಡು ಸಲ ಹೇಳಿದ.

ಅವನು ಬರುವ ತನಕ ಒಂದು ಹಳದಿ ಬಲ್ಬ್ ಹುಡುಕಿದೆ. ತಂತಿಯಿರುವ ಹಳೇ ಬಲ್ಬೇ ಬೇಕು, ಎಲ್‌ಇಡಿ ನಡೆಯಲ್ಲ. ಹಿತ್ತಲಿನ ಬಚ್ಚಲಲ್ಲಿ ಒಂದು 60 ವ್ಯಾಟಿನದು ಇನ್ನೂ ಜೀವ ಹಿಡಿದಿತ್ತು. ಅದನ್ನು ಹೋಲ್ಡರ್‌ಗೆ ಹಾಕಿ ಎರಡು ವೈರು ಬಿಟ್ಟೆ.

ಈ ಬಲ್ಬ್ ಯಾಕೆ ಅಂತ ಹೇಳಬೇಕು. ಎಸ್‌ಎಂಪಿಎಸ್ ಒಳಗೆ ಗೋಡೆಯ 230 ವೋಲ್ಟ್ ಮೊದಲು ಡಿಸಿ ಆಗುತ್ತದೆ, ಸುಮಾರು 325 ವೋಲ್ಟ್. ಅದನ್ನು ಹಿಡಿದಿಡುವ ದಪ್ಪ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ತುಂಬಿಕೊಂಡೇ ಇರಬಹುದು. ಪ್ಲಗ್ ಕಿತ್ತು ಹದಿನೈದು ನಿಮಿಷ ಕಾದು ಮುಚ್ಚಳ ತೆಗೆದಾಗ ಮೀಟರಿನಲ್ಲಿ ಇನ್ನೂ 48 ವೋಲ್ಟ್ ಇತ್ತು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಶೂರರಿದ್ದಾರೆ, ನಾನಲ್ಲ. ಬಲ್ಬಿನ ಎರಡು ವೈರು ಆ ಕೆಪಾಸಿಟರ್‌ಗಳ ಕಾಲಿಗೆ ತಾಗಿಸಿ, ಮತ್ತೆ ಅಳೆದು, ಸೊನ್ನೆ ಕಂಡ ಮೇಲೆ ಕೈ ಹಾಕಿದೆ. ಇದು ಅಭ್ಯಾಸ ಇಲ್ಲದವರು ಮುಚ್ಚಳ ತೆಗೆಯುವುದೇ ಬೇಡ. ನೇರಳೆ ವೈರು ಅಳೆಯುವ ತನಕದ್ದು ಯಾರಾದರೂ ಮಾಡಬಹುದು. ಅಲ್ಲಿಂದ ಮುಂದೆ ಡಬ್ಬಿ ಬದಲಿಸುವುದೇ ಜಾಣತನ.

ಒಳಗೆ ಮೂರು ಟ್ರಾನ್ಸ್‌ಫಾರ್ಮರ್. ಒಂದು ದೊಡ್ಡದು, ಎರಡು ಸಣ್ಣವು. ಸಣ್ಣವುಗಳಲ್ಲಿ ಒಂದು ಸ್ಟ್ಯಾಂಡ್‌ಬೈನದು, ಅದರ ಹತ್ತಿರದ ಜಾಡು ನೇರಳೆ ವೈರಿಗೆ ಹೋಗುತ್ತದೆ. ಆ ಜಾಡಿನಲ್ಲಿ ಒಂದು ಕೆಪಾಸಿಟರ್, 1000 ಮೈಕ್ರೋಫ್ಯಾರಡ್, 10 ವೋಲ್ಟ್. ಪಕ್ಕದವುಗಳ ನೆತ್ತಿ ಸಪಾಟಾಗಿದ್ದರೆ ಇದರದು ಉಬ್ಬಿದ ಪೂರಿ. ನೆತ್ತಿಯ ಮೇಲಿನ ಅಡ್ಡಗೆರೆ ಬಿರಿದು ಕಂದು ಬಣ್ಣದ ಕಲೆ ಇಳಿದಿತ್ತು. ಕಿತ್ತು ಅಳೆದೆ. ಸಾವಿರ ಇರಬೇಕಾದ್ದು 190.

ಪಾಪ, ಅದರ ತಪ್ಪೂ ಇಲ್ಲ. ಹನ್ನೆರಡು ವರ್ಷದ ಹಿಂದೆ ಜೋಡಿಸಿದ ಕಂಪ್ಯೂಟರ್. ಉಳಿದ ಭಾಗ ಅಂಗಡಿಯ ವೇಳೆಯಲ್ಲಿ ಮಾತ್ರ ದುಡಿದಿದೆ. ಸ್ಟ್ಯಾಂಡ್‌ಬೈ ಮಾತ್ರ ಹಗಲೂ ರಾತ್ರಿ, ಅಮವಾಸ್ಯೆ ಹುಣ್ಣಿಮೆ ಎನ್ನದೆ. ರಾತ್ರಿ ಫ್ಯಾನ್ ಗಾಳಿಯೂ ಇಲ್ಲ. ಮೇಲೆ ಜಾಲರಿ ತುಂಬ ಖಾರದ ಕಂಬಳಿ. ಈ ಜಾತಿ ಕೆಪಾಸಿಟರ್‌ಗೆ ಹತ್ತು ಡಿಗ್ರಿ ಬಿಸಿ ಹೆಚ್ಚಾದರೆ ಆಯುಷ್ಯ ಅರ್ಧ ಎಂಬುದು ರಿಪೇರಿಯವರ ಅಂದಾಜು ಲೆಕ್ಕ. ಹಾಗಾಗಿ ನಾನು ಮೊದಲು ಹಿಡಿದ ಕಳ್ಳ ಪೂರ್ತಿ ನಿರಪರಾಧಿಯೂ ಅಲ್ಲ. ಧೂಳು ಮಾಡಿದ ಕೆಲಸ ಧೂಳು ತೆಗೆದರೆ ಸರಿಹೋಗುವಂಥದ್ದಾಗಿರಲಿಲ್ಲ.

ನನ್ನ ಡಬ್ಬಿಯಲ್ಲಿ 1000 ಮೈಕ್ರೋಫ್ಯಾರಡ್, 16 ವೋಲ್ಟ್, 105 ಡಿಗ್ರಿಯದು ಇತ್ತು. ವೋಲ್ಟ್ ಜಾಸ್ತಿ ಇದ್ದರೆ ನಡೆಯುತ್ತದೆ, ಕಡಿಮೆ ಆಗಬಾರದು. ಎತ್ತರ ಮಾತ್ರ ನೋಡಿಕೊಳ್ಳಬೇಕು, ಮುಚ್ಚಳ ತಾಗಬಾರದು. ಕೀಳುವ ಮೊದಲೇ ಫೋಟೋ ತೆಗೆದಿದ್ದೆ. ಮೈಮೇಲಿನ ಪಟ್ಟೆ ಮೈನಸ್ ಕಡೆ. ತಿರುಗಾಮುರುಗಾ ಹಾಕಿದರೆ ಪಟಾಕಿ. ಅದೇ ಸ್ಟ್ಯಾಂಡ್‌ಬೈನ ಆಚೆ ಬದಿಗೆ, ಅಂದರೆ ಗೋಡೆ ಕರೆಂಟಿನ ಕಡೆಗೆ, 22 ಮೈಕ್ರೋಫ್ಯಾರಡ್ 50 ವೋಲ್ಟಿನ ಪುಟ್ಟದೊಂದಿತ್ತು. ನೋಡಲು ಹೊಸದರಂತೆ. ಅನುಮಾನಕ್ಕೆ ಕಿತ್ತು ಅಳೆದರೆ 9. ಅದನ್ನೂ ಬದಲಿಸಿದೆ. ಉಬ್ಬಿದ್ದನ್ನು ಮಾತ್ರ ಬದಲಿಸಿ ಎದ್ದಿದ್ದರೆ ತಿಂಗಳಲ್ಲಿ ಮತ್ತೆ ಫೋನ್ ಬರುತ್ತಿತ್ತು ಅನ್ನಿಸುತ್ತದೆ.

ಮೊದಲ ಸಲ ನೇರ ಕರೆಂಟ್ ಕೊಡಲಿಲ್ಲ. ಅದೇ ಬಚ್ಚಲ ಬಲ್ಬನ್ನು ಫೇಸ್ ವೈರಿನ ನಡುವೆ ಸೀರೀಸ್ ಹಾಕಿ ಕೊಟ್ಟೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಝಗಮಗ ಉರಿಯುತ್ತಲೇ ಇರುತ್ತದೆ, ಎಸ್‌ಎಂಪಿಎಸ್ ಉಳಿಯುತ್ತದೆ. ಸರಿ ಇದ್ದರೆ ಒಂದು ಸಲ ಮಿಂಚಿ ಆರುತ್ತದೆ. ಮಿಂಚಿತು. ಆರಿತು. ತಮ್ಮ, ಮಾವ, ಬಾಗಿಲಲ್ಲಿ ಡ್ರೈಯರ್ ಕಾಯುತ್ತಿದ್ದವಳು, ಯಾರೂ ಉಸಿರು ಬಿಡಲಿಲ್ಲ.

ಮುಚ್ಚಳ ಹಾಕಿ, ಬಲ್ಬ್ ತೆಗೆದು, ನೇರ ಕೊಟ್ಟೆ. ನೇರಳೆ: 5.08. ಅಲ್ಲಾಡಲಿಲ್ಲ. ಕ್ಲಿಪ್ ಹಾಕಿದೆ. ಹಳದಿ 12.1, ಕೆಂಪು 5.05, ಕಿತ್ತಳೆ 3.34. ಎಲ್ಲಾ ಐದು ಪರ್ಸೆಂಟಿನ ಒಳಗೆ.

ಎಲ್ಲ ಜೋಡಿಸಿ ಮಾವನ ಕೈಯಿಂದಲೇ ಬಟನ್ ಒತ್ತಿಸಿದೆ. ಫ್ಯಾನು ತಿರುಗಿತು. ಲೈಟ್ ಹತ್ತಿತು. ಮಾನಿಟರ್ ಕಪ್ಪು.

ಬೀಪ್ ಇಲ್ಲ. ರ‍್ಯಾಮ್ ತೆಗೆದು, ಅಂಚನ್ನು ಉಜ್ಜುವ ರಬ್ಬರಿನಿಂದ ಒರೆಸಿ ಹಾಕಿದೆ. ಇಲ್ಲ. ಇನ್ನೊಂದು ಸ್ಲಾಟ್. ಇಲ್ಲ. ಮಾನಿಟರ್ ವೈರು ಬಿಗಿ ಮಾಡಿದೆ. ಇಲ್ಲ. ಇಪ್ಪತ್ತು ನಿಮಿಷ ಬೆವರಿದೆ. ಬೋರ್ಡನ್ನೇ ಸುಟ್ಟೆನಾ ಅಂತ ಒಳಗೊಳಗೇ ಅಳುಕು. ಕೊನೆಗೆ ತಮ್ಮ, "ಅಣ್ಣಾ, ಈ ನಾಕ ಪಿನ್ನಿಂದು ಎಲ್ಲಿ ಹಚ್ಚೋದು?" ಅಂತ ಹಳದಿ ಕಪ್ಪು ವೈರಿನ ಸಣ್ಣ ಕನೆಕ್ಟರ್ ಎತ್ತಿ ತೋರಿಸಿದ. ಪ್ರೊಸೆಸರ್‌ಗೆ 12 ವೋಲ್ಟ್ ಕೊಡುವುದು ಅದೇ. ಅದಿಲ್ಲದಿದ್ದರೆ ಫ್ಯಾನೆಲ್ಲ ತಿರುಗುತ್ತದೆ, ಪ್ರೊಸೆಸರ್ ಮಾತ್ರ ಏಳಲ್ಲ. ಎಷ್ಟು ಸಲ ಬೇರೆಯವರಿಗೆ ನಾನೇ ಹೇಳಿದ್ದೇನೆ.

ಹಚ್ಚಿದೆ. ಪೀಕ್ ಅಂತ ಒಂದು ಬೀಪ್. ಪರದೆಯಲ್ಲಿ ಅಕ್ಷರ.

ಬ್ಯಾಟರಿ ತೆಗೆದಿದ್ದರಿಂದ ಸೆಟ್ಟಿಂಗ್ ಎಲ್ಲ ಅಳಿಸಿ, ಎಫ್1 ಒತ್ತು ಅಂತ ಕೇಳಿತು. ವಿಂಡೋಸಿಗೂ ಮೊದಲು ಬರುವ ಸೆಟ್ಟಿಂಗ್ ಪುಟ, ಬಯೋಸ್ ಒಳಗೆ ಹೋಗಿ ತಾರೀಖು, ಸಮಯ ಸರಿ ಮಾಡಿದೆ. ತಾರೀಖು ತಪ್ಪಿದ್ದರೆ ವೆಬ್‌ಸೈಟ್‌ಗಳೂ ಸರಿಯಾಗಿ ತೆರೆಯಲ್ಲ, ಪಟ್ಟಿಯ ಮೇಲೆ ಹಳೇ ವರ್ಷ ಅಚ್ಚಾದರೆ ರೈತರು ಬಿಡಲ್ಲ. ಹಾರ್ಡ್ ಡಿಸ್ಕ್ ಜೊತೆ ಬೋರ್ಡು ಮಾತಾಡುವ ರೀತಿ, ಅಂದರೆ ಸಾಟಾ ಮೋಡ್, ಹಳೇ ಐಡಿಇಗೆ ಹೋಗಿತ್ತು, ಮೊದಲಿನ ಎಎಚ್‌ಸಿಐಗೆ ತಂದೆ. ಹಾಗೇ ಬಿಟ್ಟಿದ್ದರೆ ವಿಂಡೋಸ್ ನೀಲಿ ಪರದೆ ತೋರಿಸಿ ಇನ್ನೊಂದು ಗಂಟೆ ತಿನ್ನುತ್ತಿತ್ತು. ವಿಂಡೋಸ್ ಬಂದ ತಕ್ಷಣ ಮಾಡಿದ ಮೊದಲ ಕೆಲಸ ಟ್ಯಾಲಿಯ ಫೋಲ್ಡರನ್ನು ಪೆನ್ ಡ್ರೈವಿಗೆ ಹಾಕಿದ್ದು. ಮಾವ ಆ ಪೆನ್ ಡ್ರೈವನ್ನು ದೇವರ ಮುಂದೆ ಇಟ್ಟು ಬಂದರು.

ರಾತ್ರಿಯೇ ಅಂಗಡಿಗೆ ಒಯ್ದು, ನೆಲ ಬಿಟ್ಟು ಮರದ ಸ್ಟೂಲಿನ ಮೇಲೆ ಕೂರಿಸಿದೆವು. ಹೊಸ ಎಸ್‌ಎಂಪಿಎಸ್ ತರಿಸಲು ಮಾವನಿಗೆ ಹೇಳಿದ್ದೇನೆ. ಉಳಿದ ಕೆಪಾಸಿಟರ್‌ಗಳೂ ಅದೇ ವಯಸ್ಸಿನವು. ಸುಗ್ಗಿ ಮುಗಿಯಲಿ ಅಂದರು.

ಒಂದು ಪರೀಕ್ಷೆ ಬಾಕಿ ಇತ್ತು. ಗುಮಾಸ್ತರಿಗೆ ಹೇಳಿದೆ, ರಾತ್ರಿ ಗೋಡೆಯ ಸ್ವಿಚ್ಚೇ ಬಂದ್ ಮಾಡಿ ಹೋಗ್ರಿ, ಪೂರ್ತಿ ತಣ್ಣಗಾಗಲಿ, ಮುಂಜಾನೆ ಚಾಲೂ ಮಾಡುವಾಗ ನನಗೆ ಫೋನ್ ಹಚ್ಚಿ ಸಿಪಿಯು ಹತ್ತಿರ ಹಿಡೀರಿ.

ಸೋಮವಾರ ಏಳಕ್ಕೆ ಹತ್ತು ನಿಮಿಷವಿತ್ತು. ಹಾಸಿಗೆಯಲ್ಲೇ ಫೋನು ಕಿವಿಗಿಟ್ಟೆ. ಗೋಡೆ ಸ್ವಿಚ್ಚಿನ ಟಕ್. ಸ್ವಲ್ಪ ಹೊತ್ತು ಬಿಟ್ಟು ಬಟನ್ನಿನ ಟಿಕ್, ಒಂದೇ ಸಲ. ಫ್ಯಾನಿನ ಗುಂಯ್. ಪೀಕ್.

ಅದರ ಹಿಂದೆಯೇ ಯಾರೋ ಜೋರಾಗಿ ಸೀನಿದರು.